ಸೆಕೆಂಡಿಗೆ ಐದು ಲಕ್ಷ

ಗಿರಾಕಿಗಳು ಕಾರ್ಡಿನಲ್ಲಿ ದುಡ್ಡು ಕೊಟ್ಟಿದ್ದಕ್ಕಾಗಿ ಅಮೆರಿಕದ ವ್ಯಾಪಾರಿಗಳು 2024ರ ಒಂದೇ ವರ್ಷದಲ್ಲಿ ತೆತ್ತ ಶುಲ್ಕ 18,720 ಕೋಟಿ ಡಾಲರ್. ಕಾರ್ಡ್ ಉದ್ಯಮದ ಅಂಕಿಅಂಶಗಳನ್ನು ದಶಕಗಳಿಂದ ಪ್ರಕಟಿಸುತ್ತಿರುವ ನಿಲ್ಸನ್ ರಿಪೋರ್ಟ್ ಕೊಟ್ಟ ಲೆಕ್ಕ ಇದು. ಆ ವರ್ಷದ ವಿನಿಮಯ ದರದಲ್ಲಿ ಹೇಳುವುದಾದರೆ ಸುಮಾರು 15.6 ಲಕ್ಷ ಕೋಟಿ ರೂಪಾಯಿ. ಕರ್ನಾಟಕದ 2025-26ನೇ ಸಾಲಿನ ಬಜೆಟ್ ಗಾತ್ರ 4,09,549 ಕೋಟಿ ರೂಪಾಯಿ. ನಮ್ಮ ರಾಜ್ಯದ ಶಾಲೆ, ಆಸ್ಪತ್ರೆ, ರಸ್ತೆ, ನೀರಾವರಿ, ಪಿಂಚಣಿ, ಗ್ಯಾರಂಟಿ ಯೋಜನೆಗಳೆಲ್ಲವೂ ಸೇರಿದ ಇಡೀ ಸರ್ಕಾರವನ್ನು ಮೂರೂ ಮುಕ್ಕಾಲು ವರ್ಷ ನಡೆಸುವಷ್ಟು ಹಣ ಅಲ್ಲಿ ಒಂದು ವರ್ಷದ ಕಾರ್ಡ್ ಶುಲ್ಕವಾಗಿ ಹೋಗಿದೆ.

ಇದನ್ನು ಕಾಲಕ್ಕೆ ಭಾಗಿಸಿ ನೋಡಿದೆ. ಸೆಕೆಂಡಿಗೆ ಸುಮಾರು 5,900 ಡಾಲರ್, ಹತ್ತಿರ ಹತ್ತಿರ 5 ಲಕ್ಷ ರೂಪಾಯಿ. ಹಗಲು, ರಾತ್ರಿ, ಭಾನುವಾರ, ಹಬ್ಬ ಯಾವುದಕ್ಕೂ ಬಿಡುವಿಲ್ಲದೆ.

ಅದೇ ಹೊತ್ತಿನ ಭಾರತದ ಲೆಕ್ಕ ಹೀಗಿದೆ. 2024-25ರಲ್ಲಿ ಯುಪಿಐ ಮೂಲಕ ನಡೆದ ವಹಿವಾಟು 18,587 ಕೋಟಿ. ಸೆಕೆಂಡಿಗೆ ಭಾಗಿಸಿದರೆ ಇಲ್ಲೂ ಬರುವ ಸಂಖ್ಯೆ ಸುಮಾರು 5,900! ಅಲ್ಲಿ ಸೆಕೆಂಡಿಗೆ 5,900 ಡಾಲರ್ ಶುಲ್ಕ, ಇಲ್ಲಿ ಸೆಕೆಂಡಿಗೆ 5,900 ಪಾವತಿ. ಕಾಕತಾಳೀಯವೇ ಸರಿ, ಆದರೂ ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಬರೆದಿಟ್ಟಾಗ ನಾನು ಸ್ವಲ್ಪ ಹೊತ್ತು ಬೇರೇನೂ ಓದಲಾರದೆ ಕೂತೆ. ಏಕೆಂದರೆ ಬ್ಯಾಂಕ್ ಖಾತೆಯಿಂದ ನೇರವಾಗಿ ಹೋಗುವ ಈ ಪಾವತಿಗಳಿಗೆ ನಮ್ಮ ತರಕಾರಿ ಅಂಗಡಿಯವರೂ ಹೋಟೆಲಿನವರೂ ಕೊಡುವ ಶುಲ್ಕ ಸೊನ್ನೆ. 2025ರ ಆಗಸ್ಟಿಗೆ ಬರುವಷ್ಟರಲ್ಲಿ ಒಂದೇ ತಿಂಗಳ ಯುಪಿಐ ವಹಿವಾಟು 2,000 ಕೋಟಿ ಮುಟ್ಟಿತು. ಸೆಕೆಂಡಿಗೆ 7,400ಕ್ಕೂ ಹೆಚ್ಚು.

ಕ್ರೆಡಿಟ್ ಕಾರ್ಡಿನ ಸಾಲಕ್ಕೂ ಖಾತೆಯಿಂದ ಖಾತೆಗೆ ಹೋಗುವ ಹಣಕ್ಕೂ ವ್ಯತ್ಯಾಸವಿದೆ, ನಿಜ. ಸಾಲ ಕೊಟ್ಟವನಿಗೆ ಅಪಾಯವಿದೆ, ನಲವತ್ತು ಐವತ್ತು ದಿನ ಬಡ್ಡಿಯಿಲ್ಲದೆ ಹಣ ಬಿಟ್ಟಿರಬೇಕು, ಮೋಸದ ವಹಿವಾಟಿನ ನಷ್ಟ ಹೊರಬೇಕು. ಆದರೆ ಆ ವ್ಯತ್ಯಾಸದ ಬೆಲೆ ಎಷ್ಟು, ಅದನ್ನು ಯಾರು ನಿಗದಿ ಮಾಡಿದರು, ಕೊಡುವವನಿಗೆ ಅದು ಕಾಣುತ್ತಿದೆಯೇ? ಇಷ್ಟನ್ನು ಕೇಳುವ ಹಕ್ಕು ಶುಲ್ಕ ತೆರುವ ಪ್ರತಿಯೊಬ್ಬ ವ್ಯಾಪಾರಿಗೂ ಇದೆ.

ನಮ್ಮ ಕಡೆಯದೇ ಒಂದು ಸೀರೆ ತೆಗೆದುಕೊಳ್ಳಿ. ಬೆಲೆ 20,000 ರೂಪಾಯಿ. ಅಂಗಡಿಯ ವಾರ್ಷಿಕ ವಹಿವಾಟು 20 ಲಕ್ಷ ದಾಟಿದೆ ಎಂದಿಟ್ಟುಕೊಳ್ಳಿ. ಗಿರಾಕಿ ಬ್ಯಾಂಕ್ ಖಾತೆಯಿಂದ ಯುಪಿಐ ಮಾಡಿದರೆ ಅಂಗಡಿಗೆ ಪೂರ್ತಿ 20,000 ಬರುತ್ತದೆ. ರುಪೇ ಡೆಬಿಟ್ ಕಾರ್ಡು ಕೊಟ್ಟರೂ ಅಷ್ಟೇ. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಡೆಬಿಟ್ ಕಾರ್ಡು ಕೊಟ್ಟರೆ ರಿಸರ್ವ್ ಬ್ಯಾಂಕಿನ ಮಿತಿಯ ಪ್ರಕಾರ ಶೇ 0.9ರವರೆಗೆ ಕಡಿತವಾಗಬಹುದು. ಅಂದರೆ 180 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ 32 ರೂಪಾಯಿ 40 ಪೈಸೆ. ಕ್ರೆಡಿಟ್ ಕಾರ್ಡು ಕೊಟ್ಟರೆ ಮಿತಿಯೇ ಇಲ್ಲ. ಶೇ 2 ಎಂದು ಹಿಡಿದರೆ 400 ರೂಪಾಯಿ, ಜಿಎಸ್‌ಟಿ ಸೇರಿ 472. ಸೀರೆ ಅದೇ, ಗಿರಾಕಿ ಅದೇ, ಮಷಿನ್ ಅದೇ. ಪರ್ಸಿನಿಂದ ಯಾವ ಕಾರ್ಡು ಹೊರಬಂತು ಎಂಬುದರ ಮೇಲೆ ಅಂಗಡಿಯವನ ಕೈಗೆ ಬರುವ ಹಣದಲ್ಲಿ ಸೊನ್ನೆಯಿಂದ 472 ರೂಪಾಯಿಯವರೆಗೆ ಖೋತಾ. ಆ ಸೀರೆಯ ಮೇಲೆ ಅವನಿಗೆ ಶೇ 10 ಲಾಭವಿದ್ದರೆ, ಜಿಎಸ್‌ಟಿ ಬಿಟ್ಟು ಬರೀ ಶುಲ್ಕವೇ ಲಾಭದ ಐದನೇ ಒಂದು ಪಾಲನ್ನು ತಿನ್ನುತ್ತದೆ. ದೊಡ್ಡ ವ್ಯಾಪಾರಿ ಆ ಜಿಎಸ್‌ಟಿಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಪಡೆಯುತ್ತಾನೆ. ಕಾಂಪೊಸಿಷನ್ ಸ್ಕೀಮಿನಲ್ಲಿರುವ ಸಣ್ಣ ವ್ಯಾಪಾರಿಗೆ ಅದೂ ಇಲ್ಲ. 2,000 ರೂಪಾಯಿವರೆಗಿನ ಕಾರ್ಡ್ ಪಾವತಿಯ ಶುಲ್ಕಕ್ಕೆ ಜಿಎಸ್‌ಟಿ ವಿನಾಯಿತಿ ಇದೆ ಎಂಬುದೊಂದೇ ಸಮಾಧಾನ.

ಇಷ್ಟಕ್ಕೂ ಆ 400 ರೂಪಾಯಿ ಹೋಗುವುದೆಲ್ಲಿಗೆ? ಕಾರ್ಡನ್ನು ಮಷಿನ್ನಿಗೆ ಇಟ್ಟ ಕ್ಷಣ ಕೆಲವು ನೂರು ಅಕ್ಷರಗಳಷ್ಟು ಉದ್ದದ ಒಂದು ಸಂದೇಶ ಹೊರಡುತ್ತದೆ. ಮಷಿನ್ ಕೊಟ್ಟ ಬ್ಯಾಂಕಿಗೆ, ಅಲ್ಲಿಂದ ವೀಸಾ, ಮಾಸ್ಟರ್‌ಕಾರ್ಡ್ ಅಥವಾ ರುಪೇ ಜಾಲಕ್ಕೆ, ಅಲ್ಲಿಂದ ಗಿರಾಕಿಗೆ ಕಾರ್ಡು ಕೊಟ್ಟ ಬ್ಯಾಂಕಿಗೆ. ಆ ಬ್ಯಾಂಕು ಆಗಲಿ ಎಂದರೆ ಅದೇ ದಾರಿಯಲ್ಲಿ ಉತ್ತರ ವಾಪಸ್. ಎಲ್ಲ ಸೇರಿ ಒಂದೆರಡು ಸೆಕೆಂಡು. ಈ ಮೂವರೂ ತಮ್ಮ ತಮ್ಮ ಪಾಲು ಎತ್ತಿಕೊಳ್ಳುತ್ತಾರೆ. ದೊಡ್ಡ ಪಾಲು ಕಾರ್ಡು ಕೊಟ್ಟ ಬ್ಯಾಂಕಿನದು, ಅದಕ್ಕೆ ಇಂಟರ್‌ಚೇಂಜ್ ಎನ್ನುತ್ತಾರೆ. ಜಾಲಕ್ಕೆ ಒಂದಿಷ್ಟು, ಮಷಿನ್ ಕೊಟ್ಟ ಬ್ಯಾಂಕಿಗೆ ಉಳಿದದ್ದು. ಮೂರೂ ಸೇರಿದ್ದೇ ವ್ಯಾಪಾರಿಗಳ ಬಾಯಲ್ಲಿ ಎಂಡಿಆರ್. ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಅತಿ ದೊಡ್ಡ ಪಾಲು ಪಡೆಯುವ ಬ್ಯಾಂಕಿನ ಜೊತೆ ಅಂಗಡಿಯವನಿಗೆ ಯಾವ ಒಪ್ಪಂದವೂ ಇಲ್ಲ. ಅವನು ಸಹಿ ಹಾಕಿದ್ದು ಮಷಿನ್ ಕೊಟ್ಟವರ ಜೊತೆ. ಇಂಟರ್‌ಚೇಂಜ್ ದರದ ಬಗ್ಗೆ ಚೌಕಾಸಿ ಮಾಡಲು ಅವನ ಎದುರಿಗೆ ಯಾರೂ ಇಲ್ಲ.

ಈ ಪದ್ಧತಿ ಹುಟ್ಟಿದಾಗ ಶುಲ್ಕ ಇನ್ನೂ ಜಾಸ್ತಿಯಿತ್ತು. 1950ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಡೈನರ್ಸ್ ಕ್ಲಬ್ ಹೋಟೆಲುಗಳಿಂದ ಬಿಲ್ಲಿನ ಶೇ 7ರಷ್ಟು ಕೇಳುತ್ತಿತ್ತು. 1958ರ ಸೆಪ್ಟೆಂಬರಿನಲ್ಲಿ ಬ್ಯಾಂಕ್ ಆಫ್ ಅಮೆರಿಕ ಕ್ಯಾಲಿಫೋರ್ನಿಯದ ಫ್ರೆಸ್ನೊ ಊರಿನಲ್ಲಿ ಯಾರೂ ಕೇಳದಿದ್ದರೂ 60,000 ಕಾರ್ಡುಗಳನ್ನು ಅಂಚೆಯಲ್ಲಿ ಕಳಿಸಿತು. ಇವತ್ತಿನ ವೀಸಾದ ಮೂಲ ಅದು. ಆಗ ಚೀಟಿ ಬರೆದು, ಕಾರ್ಬನ್ ಹಾಳೆ ಇಟ್ಟು, ಅಂಚೆಯಲ್ಲಿ ಕಳಿಸಿ, ಗುಮಾಸ್ತರು ಕೂತು ಲೆಕ್ಕ ಹೊಂದಿಸಬೇಕಿತ್ತು. ಕೆಲಸಕ್ಕೆ ತಕ್ಕ ಕೂಲಿ ಎಂದರೆ ಒಪ್ಪಬಹುದಾಗಿತ್ತು. ಈಗ ಆ ಕೆಲಸ ಮಾಡುವುದು ಕಂಪ್ಯೂಟರು. ಅದರ ಖರ್ಚು ಎಷ್ಟೆಂದು ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಅಳೆದಿದೆ. 2021ರಲ್ಲಿ ದೊಡ್ಡ ಬ್ಯಾಂಕುಗಳಿಗೆ ಒಂದು ಡೆಬಿಟ್ ಕಾರ್ಡ್ ಪಾವತಿ ನಿಭಾಯಿಸಲು ತಗುಲಿದ ಸರಾಸರಿ ಖರ್ಚು 3.9 ಸೆಂಟ್. ಅವು ಪಡೆಯಬಹುದಾದ ಶುಲ್ಕದ ಮಿತಿ 21 ಸೆಂಟ್, ಜೊತೆಗೆ ಬಿಲ್ಲಿನ ಶೇ 0.05, ಮೋಸ ತಡೆಯುವ ಕೆಲಸಕ್ಕೆಂದು ಇನ್ನೊಂದು ಸೆಂಟ್. ಖರ್ಚಿನ ಐದು ಪಟ್ಟಿಗೂ ಮೀರಿದ ವಸೂಲಿ ಇದು. ಅದೂ ಕಾನೂನು ಕಡಿವಾಣ ಹಾಕಿದ ಮೇಲೆ. 2011ರ ಅಕ್ಟೋಬರಿನಲ್ಲಿ ಈ ಮಿತಿ ಬರುವ ಮೊದಲು ಸರಾಸರಿ 44 ಸೆಂಟ್ ಇತ್ತು.

ಆ ಮಿತಿಯಿಂದ ಎಲ್ಲರಿಗೂ ಒಳ್ಳೆಯದಾಯಿತೇ ಎಂದರೆ, ಇಲ್ಲ. ಎರಡು ಡಾಲರಿನ ಕಾಫಿ ಮಾರುವವನಿಗೆ ಮೊದಲು ಸಣ್ಣ ಬಿಲ್ಲಿನ ರಿಯಾಯಿತಿ ಇತ್ತು. ಏಳೆಂಟು ಸೆಂಟಿನಲ್ಲಿ ಮುಗಿಯುತ್ತಿತ್ತು. 21 ಸೆಂಟಿನ ಮಿತಿ ಬಂದಮೇಲೆ ಜಾಲಗಳು ರಿಯಾಯಿತಿ ತೆಗೆದು ಮಿತಿಯನ್ನೇ ದರ ಮಾಡಿದವು. ದೊಡ್ಡ ಅಂಗಡಿಗೆ ಅರ್ಧಕ್ಕಿಳಿದ ಶುಲ್ಕ ಕಾಫಿಯವನಿಗೆ ಮೂರು ಪಟ್ಟಾಯಿತು. ಕಾಫಿಯ ಬೆಲೆಯಲ್ಲಿ ಶೇ 11! ಸಣ್ಣವರನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಸರಾಸರಿ ನೋಡಿ ಬರೆದ ನಿಯಮ ಸಣ್ಣವರ ಮೇಲೆಯೇ ಬೀಳುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ನನಗೆ ಗೊತ್ತಿಲ್ಲ.

ಇನ್ನೂ ನೋವಿನ ಲೆಕ್ಕವೊಂದಿದೆ. ಬಾಸ್ಟನ್ನಿನ ಫೆಡರಲ್ ರಿಸರ್ವ್ ಬ್ಯಾಂಕಿನ ಅರ್ಥಶಾಸ್ತ್ರಜ್ಞರು 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವ್ಯಾಪಾರಿ ಕಾರ್ಡ್ ಶುಲ್ಕವನ್ನು ತನ್ನ ಕೈಯಿಂದ ಕೊಡುವುದಿಲ್ಲ, ಸರಕಿನ ಬೆಲೆಗೆ ಸೇರಿಸುತ್ತಾನೆ. ಆ ಬೆಲೆಯನ್ನು ನಗದು ಕೊಡುವವರೂ ಕೊಡುತ್ತಾರೆ. ಕಾರ್ಡಿನವರಿಗೆ ಮಾತ್ರ ರಿವಾರ್ಡ್ ಪಾಯಿಂಟ್, ಕ್ಯಾಷ್‌ಬ್ಯಾಕ್, ವಿಮಾನದ ಟಿಕೆಟ್ಟಿನ ರೂಪದಲ್ಲಿ ಒಂದಿಷ್ಟು ವಾಪಸ್ ಬರುತ್ತದೆ. ಅವರ ಲೆಕ್ಕದ ಪ್ರಕಾರ ನಗದು ಬಳಸುವ ಒಂದು ಕುಟುಂಬ ವರ್ಷಕ್ಕೆ ಸರಾಸರಿ 149 ಡಾಲರನ್ನು ತನಗೇ ತಿಳಿಯದಂತೆ ಕಾರ್ಡ್ ಬಳಸುವವರಿಗೆ ದಾಟಿಸುತ್ತದೆ. ಕಾರ್ಡ್ ಬಳಸುವ ಕುಟುಂಬಕ್ಕೆ ವರ್ಷಕ್ಕೆ 1,133 ಡಾಲರ್ ಬರುತ್ತದೆ. ಕೂಲಿಯಿಂದ ಬದುಕುವವನ ಕಿಸೆಯಿಂದ ಹೊರಟ ಹಣ, ಯಾರ ಕಣ್ಣಿಗೂ ಬೀಳದೆ, ಸಂಬಳದವನ ರಜೆಯ ಟಿಕೆಟ್ಟಾಗಿ ಬದಲಾಗುತ್ತಿದೆ. ಕಾರ್ಡ್ ಶುಲ್ಕವನ್ನು ಬ್ಯಾಂಕು ಮತ್ತು ಅಂಗಡಿಯ ನಡುವಿನ ವ್ಯವಹಾರ ಎಂದು ಬಿಟ್ಟುಬಿಡಲು ನನಗೆ ಆಗದಿರುವುದು ಇದಕ್ಕೇ.

ನಮ್ಮಲ್ಲೂ ಈ ಹಣ ಸಣ್ಣದಲ್ಲ. 2024-25ರಲ್ಲಿ ಭಾರತದ ಕ್ರೆಡಿಟ್ ಕಾರ್ಡುಗಳ ಮೇಲೆ ನಡೆದ ಖರ್ಚು ಸುಮಾರು 21 ಲಕ್ಷ ಕೋಟಿ ರೂಪಾಯಿ. ಇದರ ಮೇಲಿನ ಶುಲ್ಕವನ್ನು ಕಡಿಮೆಯೆಂದರೂ ಶೇ 1.5 ಎಂದು ಹಿಡಿಯೋಣ. 31,500 ಕೋಟಿ ರೂಪಾಯಿ ಆಗುತ್ತದೆ. ಕರ್ನಾಟಕ ಸರ್ಕಾರ ಗೃಹಲಕ್ಷ್ಮಿ ಯೋಜನೆಗೆ 2025-26ರಲ್ಲಿ ಇಟ್ಟ ಹಣ 28,608 ಕೋಟಿ. ಒಂದು ಕೋಟಿಗೂ ಹೆಚ್ಚು ಹೆಣ್ಣುಮಕ್ಕಳಿಗೆ ತಿಂಗಳಿಗೆ ಎರಡೆರಡು ಸಾವಿರ ಕೊಡುವ ಯೋಜನೆಗಿಂತ ದೊಡ್ಡ ಮೊತ್ತ ಇದು.

ಡೆಬಿಟ್ ಕಾರ್ಡಿನ ವಿಷಯದಲ್ಲಿ ಮಾತ್ರ ನಾವು ಮೆಟ್ಟಿಲು ಮೆಟ್ಟಿಲಾಗಿ ಇಳಿದಿದ್ದೇವೆ. 2012ರಲ್ಲಿ ರಿಸರ್ವ್ ಬ್ಯಾಂಕು 2,000 ರೂಪಾಯಿವರೆಗಿನ ಬಿಲ್ಲಿಗೆ ಶೇ 0.75, ಅದಕ್ಕಿಂತ ಮೇಲೆ ಶೇ 1 ಎಂದು ಮಿತಿ ಹಾಕಿತು. ನೋಟು ರದ್ದತಿಯ ನಂತರ ಸಣ್ಣ ಬಿಲ್ಲುಗಳ ದರ ಇನ್ನೂ ಇಳಿಯಿತು. 2018ರ ಜನವರಿಯಿಂದ ಬಿಲ್ಲಿನ ಬದಲು ಅಂಗಡಿಯ ಗಾತ್ರ ನೋಡುವ ಪದ್ಧತಿ ಬಂತು. ವರ್ಷಕ್ಕೆ 20 ಲಕ್ಷದವರೆಗೆ ವಹಿವಾಟಿರುವವರಿಗೆ ಶೇ 0.4, ಅದೂ ಒಂದು ಬಿಲ್ಲಿಗೆ 200 ರೂಪಾಯಿ ಮೀರುವಂತಿಲ್ಲ. ದೊಡ್ಡವರಿಗೆ ಶೇ 0.9, ಮಿತಿ 1,000 ರೂಪಾಯಿ. ಇದು ಬಹಳ ಒಳ್ಳೆಯ ವಿಚಾರವಾಗಿತ್ತು ಎಂದು ಈಗಲೂ ನಂಬುತ್ತೇನೆ. ಅಮೆರಿಕದ ಕಾಫಿ ಅಂಗಡಿಗೆ ಆದ ಅನ್ಯಾಯ ಇಲ್ಲಿ ಆಗುವಂತಿರಲಿಲ್ಲ. 2020ರ ಜನವರಿ 1ರಿಂದ ರುಪೇ ಡೆಬಿಟ್‌ಗೂ ಯುಪಿಐಗೂ ಶುಲ್ಕ ಸೊನ್ನೆಯಾಯಿತು.

ಸೊನ್ನೆಯ ಪರಿಣಾಮವನ್ನು ಯಾವ ಪೇಟೆಯಲ್ಲಿ ಬೇಕಾದರೂ ನೋಡಬಹುದು. ದೇಶದಲ್ಲಿ ಕಾರ್ಡ್ ಉಜ್ಜುವ ಮಷಿನ್‌ಗಳು ಎಷ್ಟೋ ವರ್ಷಗಳ ನಂತರ 1 ಕೋಟಿ ದಾಟಿದವು. ಯುಪಿಐ ಕ್ಯುಆರ್ ಫಲಕಗಳು 60 ಕೋಟಿ ದಾಟಿವೆ. ಎಳನೀರು ಗಾಡಿಗೂ, ಹೂವಿನ ಬುಟ್ಟಿಗೂ, ಚಪ್ಪಲಿ ಹೊಲಿಯುವವರ ಪೆಟ್ಟಿಗೆಗೂ ಅಂಟಿಸಿದ ಆ ಫಲಕಗಳಲ್ಲಿ ಬಹುಪಾಲು ಶೇ 2ರ ಕಾಲದಲ್ಲಿ ಹುಟ್ಟುತ್ತಲೇ ಇರಲಿಲ್ಲ.

ಆದರೆ ಸೊನ್ನೆಯಲ್ಲೂ ಒಂದು ಲೆಕ್ಕ ಅಡಗಿದೆ, ಅದನ್ನು ಬಚ್ಚಿಡಬಾರದು. 800 ರೂಪಾಯಿಯ ಒಂದು ಯುಪಿಐ ಪಾವತಿಯನ್ನು ನಿಭಾಯಿಸಲು ಬ್ಯಾಂಕುಗಳೂ ಆ್ಯಪ್‌ಗಳೂ ಎಲ್ಲ ಸೇರಿ ಸುಮಾರು 2 ರೂಪಾಯಿ ಖರ್ಚು ಮಾಡುತ್ತವೆ ಎಂದು ರಿಸರ್ವ್ ಬ್ಯಾಂಕು 2022ರ ಆಗಸ್ಟಿನ ಚರ್ಚಾಪತ್ರದಲ್ಲಿ ಅಂದಾಜು ಮಾಡಿತ್ತು. ಸರ್ಕಾರ ಪ್ರೋತ್ಸಾಹಧನ ಕೊಡುತ್ತದೆ. 2023-24ರಲ್ಲಿ ಯುಪಿಐ ಬಾಬ್ತು 3,268 ಕೋಟಿ ಕೊಟ್ಟಿತು. ಆ ವರ್ಷದ ಒಟ್ಟು ವಹಿವಾಟಿಗೆಲ್ಲ ಹಂಚಿದರೆ ಒಂದಕ್ಕೆ 25 ಪೈಸೆ. ಮರುವರ್ಷಕ್ಕೆ ಗೊತ್ತುಮಾಡಿದ್ದು 1,500 ಕೋಟಿ, ಸಣ್ಣ ವ್ಯಾಪಾರಿಗಳ 2,000 ರೂಪಾಯಿವರೆಗಿನ ಪಾವತಿಗೆ ಮಾತ್ರ. ಹಾಗೇ ಹಂಚಿದರೆ ಒಂದಕ್ಕೆ 8 ಪೈಸೆ. ವಹಿವಾಟು ಶೇ 40ರಷ್ಟು ಏರಿದ ವರ್ಷದಲ್ಲಿ ನೆರವು ಅರ್ಧಕ್ಕಿಂತ ಕೆಳಗಿಳಿಯಿತು. 2025ರ ಮಾರ್ಚಿನಲ್ಲಿ ಪಾವತಿ ಉದ್ಯಮದ ಸಂಘಟನೆ ದೊಡ್ಡ ವ್ಯಾಪಾರಿಗಳಿಂದ ಶೇ 0.3 ವಸೂಲಿಗೆ ಅವಕಾಶ ಕೇಳಿ ಪ್ರಧಾನಿಗೆ ಪತ್ರ ಬರೆದದ್ದು ಈ ಕಾರಣಕ್ಕೆ. ಜೂನಿನಲ್ಲಿ ಹಣಕಾಸು ಸಚಿವಾಲಯ ಅಂಥ ಯೋಚನೆಯೇ ಇಲ್ಲ ಎಂದು ಅಲ್ಲಗಳೆಯಿತು. ಮಾಲ್‌ಗಳಿಂದ, ದೊಡ್ಡ ಆನ್‌ಲೈನ್ ಕಂಪನಿಗಳಿಂದ ಒಂದು ಸಣ್ಣ ಶುಲ್ಕ ಪಡೆದು, ಅದನ್ನು ಎಲ್ಲರಿಗೂ ಕಾಣುವಂತೆ ಬರೆದಿಟ್ಟು, ಎಳನೀರಿನವರ ಸೊನ್ನೆಯನ್ನು ಕಾಪಾಡುವುದು ನ್ಯಾಯ ಎಂದೇ ನನ್ನ ಅಭಿಪ್ರಾಯ. ಖರ್ಚು ಇದ್ದಮೇಲೆ ಯಾರಾದರೂ ಕೊಡಲೇಬೇಕು. ಕೊಡುವವರು ಯಾರು ಎಂಬುದು ಬೆಳಕಿನಲ್ಲಿರಲಿ.

ಬೆಳಕು ಈಗ ಒಂದೇ ಕಡೆಗೆ ಬೀಳುತ್ತಿದೆ. 2025ರ ಜುಲೈನಲ್ಲಿ ನಮ್ಮ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ದಾಖಲೆಗಳನ್ನು ಹಿಡಿದು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದು ನೆನಪಿರಬಹುದು. ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್‌ಗಳ ಮುಂದೆ ಯುಪಿಐ ಇಲ್ಲ, ಕ್ಯಾಷ್ ಮಾತ್ರ ಎಂಬ ಚೀಟಿಗಳು ಎದ್ದವು. ತೆರಿಗೆಯ ನ್ಯಾಯಾನ್ಯಾಯ ಬೇರೆ ಮಾತು. ಟೀ ಅಂಗಡಿಯವನ ವರ್ಷಗಳ ವಹಿವಾಟನ್ನು ರೂಪಾಯಿ ರೂಪಾಯಿಯಾಗಿ ಎಣಿಸಿ ತೆಗೆಯಬಲ್ಲ ವ್ಯವಸ್ಥೆ, ಅದೇ ಅಂಗಡಿಯವನಿಗೆ ಅವನ ಕಾರ್ಡ್ ಶುಲ್ಕ ಯಾರ ಯಾರ ಪಾಲಾಯಿತೆಂದು ತಿಳಿಸಲಾರದೇ?

ದಾವಣಗೆರೆಯಲ್ಲಿ ಜವಳಿ ಅಂಗಡಿ ಇಟ್ಟಿರುವ ಗೆಳೆಯರೊಬ್ಬರು ತಮ್ಮ ಕಾರ್ಡ್ ಮಷಿನ್ನಿನ ತಿಂಗಳ ಸ್ಟೇಟ್‌ಮೆಂಟ್ ನನ್ನ ಮುಂದೆ ಹರಡಿದರು. ಒಂಬತ್ತು ಪುಟ. ಬಿಲ್ಲಿನ ಸಂಖ್ಯೆ, ತಾರೀಕು, ಮೊತ್ತ, ಕಡಿತ, ಜಿಎಸ್‌ಟಿ, ಖಾತೆಗೆ ಜಮೆ. ಆ ತಿಂಗಳು ಕ್ರೆಡಿಟ್ ಕಾರ್ಡಿನಲ್ಲಿ ಆದ ವ್ಯಾಪಾರ 5,80,000 ರೂಪಾಯಿ, ಕಡಿತ 12,470. ಒಂದೇ ದಿನದ, ಹೆಚ್ಚುಕಡಿಮೆ ಒಂದೇ ಮೊತ್ತದ ಎರಡು ಬಿಲ್ಲುಗಳಲ್ಲಿ ಕಡಿತ ಬೇರೆ ಬೇರೆ ಇತ್ತು. ಏಕೆಂದು ಆ ಹಾಳೆಯಲ್ಲಿ ಎಲ್ಲೂ ಇಲ್ಲ. ಒಂದು ಪ್ರೀಮಿಯಂ ಕಾರ್ಡು, ಇನ್ನೊಂದು ಸಾಮಾನ್ಯದ್ದು ಇದ್ದಿರಬೇಕು.

"ಇದ್ರಲ್ಲಿ ಯಾರಿಗೆ ಎಷ್ಟು ಹೋಗುತ್ತೆ ಅಂತ ಕೇಳಿದ್ರೆ, ಅದು ಸಿಸ್ಟಮ್ಮಲ್ಲೇ ಹಂಗೆ ಬರುತ್ತೆ ಸರ್ ಅಂತಾರೆ ನೋಡ್ರಿ" ಎಂದರು ಅವರು. "ಗಿರಾಕಿ ಹತ್ರ ಎರಡು ಪರ್ಸೆಂಟ್ ಎಕ್ಸ್‌ಟ್ರಾ ಕೇಳಿದ್ರೆ ಎದ್ದು ಪಕ್ಕದಂಗಡಿಗೆ ಹೋಗ್ತಾರೆ. ಎಲ್ಲಾ ಸೀರೆಗೂ ಸೇರಿಸಿ ಇಟ್ಬಿಡ್ತೀನಿ."

ಬಾಸ್ಟನ್ನಿನ ಅಧ್ಯಯನ ಹೇಳಿದ್ದು ಇದನ್ನೇ. ನಗದು ಎಣಿಸಿ ಕೊಟ್ಟು ಮಗಳ ಮದುವೆಗೆ ಸೀರೆ ಒಯ್ಯುವ ಹಳ್ಳಿಯವರ ಬಿಲ್ಲಿನಲ್ಲೂ ಆ ಕಾರ್ಡ್ ಶುಲ್ಕದ ಚೂರು ಇದೆ.

ಯುರೋಪು 2015ರ ಡಿಸೆಂಬರಿನಿಂದ ಇಂಟರ್‌ಚೇಂಜನ್ನು ಡೆಬಿಟ್‌ಗೆ ಶೇ 0.2, ಕ್ರೆಡಿಟ್‌ಗೆ ಶೇ 0.3 ಎಂದು ಕಟ್ಟಿಹಾಕಿತು. ಶೇ 0.3ರಲ್ಲಿ ಕ್ರೆಡಿಟ್ ಕಾರ್ಡುಗಳು ಸಾಯಲಿಲ್ಲ. ಅಲ್ಲಿ ಇಂದಿಗೂ ಅವು ನಡೆಯುತ್ತಿವೆ. ಆದರೆ ಉಳಿತಾಯ ಎಲ್ಲಿಗೆ ಹೋಯಿತು ಎಂದು ಬ್ರಿಟನ್ನಿನ ಪಾವತಿ ನಿಯಂತ್ರಣ ಸಂಸ್ಥೆ ಹುಡುಕಿದಾಗ, 2021ರಲ್ಲಿ ಸಿಕ್ಕ ಉತ್ತರ ಬೇಸರದ್ದು. ಅತಿ ದೊಡ್ಡ ವ್ಯಾಪಾರಿಗಳಿಗೆ ಅದು ತಲುಪಿತ್ತು. ವ್ಯಾಪಾರಿಗಳಲ್ಲಿ ಶೇ 90ಕ್ಕೂ ಹೆಚ್ಚಿರುವ ಸಣ್ಣ, ಮಧ್ಯಮ ಅಂಗಡಿಗಳಿಗೆ ಅಷ್ಟೇನೂ ತಲುಪಿರಲಿಲ್ಲ. ಅವರ ದರದಲ್ಲಿ ಎಲ್ಲ ಪಾಲುಗಳೂ ಕಲಸಿಹೋಗಿದ್ದರಿಂದ ಒಂದು ಪಾಲು ಇಳಿದದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ಅತ್ತ ವೀಸಾ, ಮಾಸ್ಟರ್‌ಕಾರ್ಡ್ ತಮ್ಮ ಜಾಲದ ಶುಲ್ಕವನ್ನು ಕೆಲವೇ ವರ್ಷಗಳಲ್ಲಿ ಶೇ 25ಕ್ಕೂ ಹೆಚ್ಚು ಏರಿಸಿವೆ, ಅದರಿಂದ ವ್ಯಾಪಾರಿಗಳಿಗೆ ವರ್ಷಕ್ಕೆ ಕನಿಷ್ಠ 17 ಕೋಟಿ ಪೌಂಡ್ ಹೆಚ್ಚುವರಿ ಹೊರೆ ಎಂದು 2025ರಲ್ಲಿ ಅದೇ ಸಂಸ್ಥೆ ವರದಿ ಕೊಟ್ಟಿತು. ಒಂದು ಬಾಗಿಲು ಮುಚ್ಚಿದರೂ ಕತ್ತಲಿದ್ದರೆ ಇನ್ನೊಂದು ತೆರೆಯುತ್ತದೆ. 2021ರ ಆ ಉತ್ತರ ಸಿಕ್ಕ ಮೇಲೆ ಬ್ರಿಟನ್ ಮಾಡಿದ್ದು ಸರಳವಾದ ಕೆಲಸ. 2023ರ ಜುಲೈನಿಂದ ಪ್ರತಿ ಸಣ್ಣ ವ್ಯಾಪಾರಿಗೂ ಅವನ ಶುಲ್ಕದ ಸಾರಾಂಶವನ್ನು ಒಂದು ಚೌಕದಲ್ಲಿ, ಬೇರೆಯವರ ದರದ ಜೊತೆ ಹೋಲಿಸಿ ನೋಡುವಂತೆ ಕೊಡಬೇಕು. ಮಷಿನ್ನಿನ ಬಾಡಿಗೆ ಕರಾರು 18 ತಿಂಗಳು ಮೀರುವಂತಿಲ್ಲ.

ಕೋರ್ಟಿನ ದಾರಿ ಹಿಡಿದರೆ ಏನಾಗುತ್ತದೆ ಎಂಬುದಕ್ಕೂ ಅಂಕಿ ಇದೆ. ಅಮೆರಿಕದ ವ್ಯಾಪಾರಿಗಳು 2005ರಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ಮತ್ತು ಬ್ಯಾಂಕುಗಳ ಮೇಲೆ ಹೂಡಿದ ದಾವೆ ಇಪ್ಪತ್ತು ವರ್ಷ ದಾಟಿದೆ. 725 ಕೋಟಿ ಡಾಲರಿನ ಒಂದು ರಾಜಿ 2016ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಬಿತ್ತು. 2019ರಲ್ಲಿ ಸುಮಾರು 550 ಕೋಟಿ ಡಾಲರಿನ ಪರಿಹಾರಕ್ಕೆ ಒಪ್ಪಿಗೆ ಸಿಕ್ಕಿತು. ದರ ಇಳಿಸುವ ಇನ್ನೊಂದು ರಾಜಿ 2024ರಲ್ಲಿ ತಿರಸ್ಕೃತವಾಯಿತು. 550 ಕೋಟಿ ಡಾಲರ್ ಎಂದರೆ ದೊಡ್ಡದಾಗಿ ಕೇಳುತ್ತದೆ. ಅದರ ಹಕ್ಕುದಾರರು ಸುಮಾರು 1.2 ಕೋಟಿ ವ್ಯಾಪಾರಿಗಳು, ಅದು 2004ರಿಂದ 2019ರವರೆಗಿನ ಹದಿನೈದು ವರ್ಷಗಳ ಬಾಬ್ತು. ವಕೀಲರ ಫೀಸು ಕಳೆಯುವ ಮೊದಲೇ ಭಾಗಿಸಿದರೆ ಒಬ್ಬರಿಗೆ ವರ್ಷಕ್ಕೆ ಸರಾಸರಿ 30 ಡಾಲರ್.

ನಮಗೆ ಅಷ್ಟು ಕಾಯುವ ಅಗತ್ಯವಿಲ್ಲ. ಡೆಬಿಟ್, ಕ್ರೆಡಿಟ್, ಪ್ರಿಪೇಯ್ಡ್ ಕಾರ್ಡುಗಳ ದರವನ್ನು ಒಂದೇ ಗಂಟಿನಲ್ಲಿ ಕಟ್ಟದೆ ವ್ಯಾಪಾರಿಗೆ ಬೇರೆ ಬೇರೆ ತೋರಿಸಬೇಕೆಂದು ರಿಸರ್ವ್ ಬ್ಯಾಂಕು 2016ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ಸೂಚಿಸಿತ್ತು. ಅದರ ಮುಂದಿನ ಹೆಜ್ಜೆ ಬಾಕಿಯಿದೆ. ಪ್ರತಿ ಸ್ಟೇಟ್‌ಮೆಂಟಿನ ಕೊನೆಯಲ್ಲಿ ಮೂರು ಸಾಲು ಇರಬೇಕು: ಕಾರ್ಡು ಕೊಟ್ಟ ಬ್ಯಾಂಕಿಗೆ ಇಷ್ಟು, ಜಾಲಕ್ಕೆ ಇಷ್ಟು, ಮಷಿನ್ ಕೊಟ್ಟ ನಮಗೆ ಇಷ್ಟು. ಅದು ಕನ್ನಡದಲ್ಲೂ ಇರಬೇಕು. ಕ್ರೆಡಿಟ್ ಕಾರ್ಡಿಗೂ, ಡೆಬಿಟ್‌ಗೆ 2018ರಲ್ಲಿ ಮಾಡಿದಂತೆ, ಸಣ್ಣ ಅಂಗಡಿಗೊಂದು ದೊಡ್ಡ ಅಂಗಡಿಗೊಂದು ಮಿತಿ ಬರಬೇಕು.

ದಾವಣಗೆರೆಯ ಗೆಳೆಯರು ಆ ಒಂಬತ್ತು ಪುಟಗಳನ್ನು ಒಟ್ಟುಮಾಡಿ ತಮ್ಮ ಸರಾಸರಿ ದರ ಶೇ 2.15 ಎಂದು ಮೊದಲ ಬಾರಿಗೆ ಲೆಕ್ಕ ಹಾಕಿ, ಆ ಅಂಕಿಯನ್ನು ಇನ್ನೊಂದು ಬ್ಯಾಂಕಿನವರ ಮುಂದಿಟ್ಟರು. ಅವರು ಶೇ 1.8ಕ್ಕೆ ಒಪ್ಪಿದರು. ತಿಂಗಳಿಗೆ 2,030 ರೂಪಾಯಿ, ವರ್ಷಕ್ಕೆ 24,360 ಉಳಿತಾಯ. ಆ 1.8ರಲ್ಲಿ ಯಾರ ಪಾಲು ಎಷ್ಟು ಎಂದು ಹೊಸ ಬ್ಯಾಂಕಿನವರಿಗೂ ಕಾಗದ ಬರೆದು ಕೇಳಿದ್ದಾರೆ. ಆ ಪಾಲುಗಳನ್ನು ಸ್ಟೇಟ್‌ಮೆಂಟಿನಲ್ಲೇ ತೋರಿಸಿ ಎಂದು ಬ್ಯಾಂಕುಗಳಿಗೆ ನಿರ್ದೇಶನ ಕೊಡುವ ಅಧಿಕಾರ 2007ರ ಪಾವತಿ ವ್ಯವಸ್ಥೆಗಳ ಕಾಯ್ದೆಯಡಿ ರಿಸರ್ವ್ ಬ್ಯಾಂಕಿಗೆ ಈಗಾಗಲೇ ಇದೆ, ಹೊಸ ಕಾನೂನು ಬೇಕಿಲ್ಲ.